ಕೋಲು ಮೊಣಕಾಲ ಕೆಳಗಿರಲಿ

ನಮ್ಮ ಸಣ್ಣವ್ವ ನನ್ನನ್ನು ಕೋಲಿನಿಂದ ಹೊಡೆಯುತ್ತಾಳೆ. ನನಗೆ ನಲವತ್ತು ದಾಟಿದೆ, ನೆತ್ತಿ ಬಯಲಾಗಿದೆ, ಮಾನ್ವಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಆದರೂ ಹೊಡೆಯುತ್ತಾಳೆ. ಅದೂ ಸಿಟ್ಟಿನಿಂದಲ್ಲ, ಕರ್ತವ್ಯದಿಂದ. ಅದೇ ಶಾಲೆಯಲ್ಲಿ ಅವಳು ದೈಹಿಕ ಶಿಕ್ಷಕಿ. ಅವ್ವನ ಕೊನೆಯ ತಂಗಿ, ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವಳೇನಲ್ಲ. ಆದರೆ ಕೊರಳಲ್ಲಿ ಸೀಟಿ ಇರುವುದರಿಂದ ಇಡೀ ತಾಲ್ಲೂಕಿಗೇ ಹಿರಿಯಳು.

ಇದೆಲ್ಲ ಶುರುವಾದದ್ದು ಶಾಲೆಗೆ ಆಟದ ಸಾಮಾನಿನ ಮೂಟೆ ಬಂದ ದಿನ. ಒಳಗಿದ್ದವು ತುದಿ ಬಾಗಿದ ಪ್ಲಾಸ್ಟಿಕ್ ಕೋಲುಗಳು. ಹೆಡ್‌ಮಾಸ್ತರರು ಒಂದನ್ನು ತಿರುಗಿಸಿ ನೋಡಿ, "ಇವು ಗಟಾರ ಬಳಿಯೋವೇನ್ರಿ ಟೀಚರ್?" ಎಂದರು.

"ಫ್ಲೋರ್ ಹಾಕಿ ಅಂತ ಒಂದು ಆಟ ಸರ್. ಇದಕ್ಕ ಮೈದಾನ ಬ್ಯಾಡ, ಕ್ವಾಣ್ಯಾಗ ಆಡಬೌದು."

ನಮ್ಮಲ್ಲಿರುವ ದೊಡ್ಡ ಕೋಣೆ ಎಂದರೆ ಬಿಸಿಯೂಟದ ಹಾಲ್ ಒಂದೇ. "ಅಲ್ಲಿ ಸಾರು ಚೆಲ್ಲಿರ್ತದ. ಹುಡುಗರು ಜಾರಿ ಬಿದ್ರ ಯಾರು ಹೊಣಿ?" ಎಂದು ಹೆಡ್‌ಮಾಸ್ತರರು ಕೇಳಿದರು.

"ನಾನು," ಎಂದಳು ಸಣ್ಣವ್ವ. ಆ ಒಂದು ಮಾತು ಅವಳ ತಲೆಗೆ ಏರಿದ್ದು ಇನ್ನೂ ಇಳಿದಿಲ್ಲ.

ಆಟಕ್ಕೆ ಮುಂಚೆ ಅವಳು ಹಾಲ್‌ನ ನೆಲದ ಮೇಲೆ ಬೋರಲು ಮಲಗುತ್ತಾಳೆ. ಕೆನ್ನೆ ನೆಲಕ್ಕೆ ಹಚ್ಚಿ, ಒಂದು ಕಣ್ಣು ಮುಚ್ಚಿ, ಕಿಟಕಿಯ ಬೆಳಕಿನಲ್ಲಿ ಎಲ್ಲಾದರೂ ನೀರಿನ ಹನಿ ಹೊಳೆಯುತ್ತದೆಯೇ, ಅನ್ನದ ಅಗುಳು ಉಳಿದಿದೆಯೇ ಎಂದು ನೋಡುತ್ತಾಳೆ. ಒಮ್ಮೆ ಶಾಲೆ ತಪಾಸಣೆಗೆ ಬಂದ ಸಾಹೇಬರು ಇದನ್ನು ಕಂಡು ಗಾಬರಿಯಾದರು. ಟೀಚರ್ ಎಚ್ಚರ ತಪ್ಪಿದ್ದಾರೆಂದು ತಿಳಿದು ತಮ್ಮ ಬಾಟಲಿಯ ನೀರನ್ನು ಮುಖಕ್ಕೆ ಚಿಮುಕಿಸಿದರು. ಸಣ್ಣವ್ವ ಎದ್ದು ಕೂತು, ಮುಖ ಒರೆಸಿಕೊಳ್ಳದೆ, "ಒಣಗಿದ್ ನೆಲ ತೋಯ್ಸಿಬಿಟ್ರಲ್ರೀ ಸಾಹೇಬ್ರ," ಎಂದಳು. ಆ ದಿನ ತಪಾಸಣೆ ನಡೆಯಲಿಲ್ಲ. ಸಾಹೇಬರು ಅರಿವೆ ಹಿಡಿದು ನೆಲ ಒರೆಸಿದರು.

ಇನ್ನು ನನ್ನ ಕಾಲಿನ ವಿಷಯ. ಕೋಲು ತಾಗಿದರೆ ಮಕ್ಕಳಿಗೆ ಎಷ್ಟು ನೋವಾಗುತ್ತದೆ ಎಂಬುದು ಮೊದಲು ಗೊತ್ತಾಗಬೇಕಲ್ಲ? ಬಿರುಕು ಬಿಟ್ಟಿದೆಯೇ ಎಂದು ಕೋಲನ್ನು ಮೇಲಿಂದ ಕೆಳಗೆ ಸವರಿ ನೋಡಿ, ಕೊನೆಗೆ ನನ್ನ ಮೊಣಕಾಲ ಕೆಳಗಿನ ಎಲುಬಿಗೆ ಒಂದು ಬಾರಿಸುತ್ತಾಳೆ.

"ಬ್ಯಾನಿ ಆತೇನು?"

"ಆತು."

"ಅಳು ಬಂತೇನು?"

"ಇಲ್ಲ."

"ಹಂಗಾದ್ರ ನಡೀತದ."

ಕಾಲಿಗಷ್ಟೇ ಬಿಟ್ಟಿದ್ದರೆ ಹೋಗಲಿ ಎನ್ನಬಹುದಿತ್ತು. ಮೂಟೆಯಲ್ಲಿ ಬಂದ ಚೆಂಡು ಗಟ್ಟಿಯಾಯಿತೆಂದು ಅದನ್ನು ಅಟ್ಟಕ್ಕೆ ಎಸೆದು, ಹಳೆಯ ಕಾಲುಚೀಲಗಳನ್ನು ಸುತ್ತಿ ಹೊಲಿದು ಮೆತ್ತನೆಯ ಚೆಂಡು ಮಾಡಿದಳು. ಕಾಲುಚೀಲ ಯಾರವೆಂದು ಬೇರೆ ಹೇಳಬೇಕೆ?

ಆದರೆ ಆ ಚೆಂಡು ಕೂಡ ಮಕ್ಕಳ ಕೈಗೆ ಬಹಳ ದಿನ ಸಿಗಲಿಲ್ಲ. ಮೊದಲು ಬರೀ ಕೋಲು. ಎರಡೂ ಕೈಯಲ್ಲಿ ಹಿಡಿಯಬೇಕು, ಮೊಣಕಾಲಿಗಿಂತ ಮೇಲೆ ಎತ್ತಬಾರದು, ಬೀಸಬಾರದು, ನೂಕಬೇಕು, ಸೀಟಿ ಊದಿದರೆ ಕೋಲು ನೆಲಕ್ಕಿಟ್ಟು ನಿಂತಲ್ಲೇ ನಿಲ್ಲಬೇಕು. ಹೀಗೆ ಚೆಂಡಿಲ್ಲದ ಆಟವನ್ನು ಮಕ್ಕಳು ಎಷ್ಟು ಶಿಸ್ತಾಗಿ ಕಲಿತರೆಂದರೆ, ಒಬ್ಬ ತಾಯಿ ಬಂದು, "ಟೀಚರ್, ನಮ್ಮ ಹುಡುಗ ಕಸ ಹೊಡ್ಯಾದು ಭಾಳ ಚೊಲೊ ಕಲ್ತಾನ," ಎಂದು ಕೈಮುಗಿದು ಹೋದಳು.

ನಿಯಮಗಳು ಶಾಲೆಯ ಕಾಂಪೌಂಡಿನಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ದೇವದುರ್ಗದಲ್ಲಿ ಒಂದು ಮದುವೆ. ಗಟ್ಟಿಮೇಳ ಶುರುವಾಗಿದೆ, ಅಕ್ಷತೆ ಹಿಡಿದ ಕೈಗಳು ಮೇಲೆದ್ದಿವೆ. ಅಷ್ಟರಲ್ಲಿ ವಿಡಿಯೋದವನು ಉದ್ದನೆಯ ಕ್ಯಾಮೆರಾ ಕೋಲನ್ನು ಮಕ್ಕಳ ತಲೆಯ ಮೇಲಿಂದ ಬೀಸಿದ. ಸಣ್ಣವ್ವ ಸೀಟಿ ಊದಿದಳು. ಬಾಜಾ ನಿಂತಿತು. ಅಯ್ಯನವರು ಮಂತ್ರ ನುಂಗಿದರು. ಮದುಮಗ ತಾಳಿ ಹಿಡಿದ ಕೈಯನ್ನು ಸರ್ರನೆ ಕೆಳಗಿಳಿಸಿ, ಉಸಿರು ಬಿಗಿಹಿಡಿದು ಕಂಬದಂತೆ ನಿಂತ. ಆತ ನಮ್ಮ ಸಣ್ಣವ್ವನ ಹಳೆಯ ವಿದ್ಯಾರ್ಥಿ.

ಇಂಥವಳ ಎದುರಿಗೇ ಒಂದು ದಿನ ಊರಿನ ಅಕ್ಕಿ ಗಿರಣಿಯ ಸಾವಕಾರರು ಬಂದು ನಿಂತರು. ಅವರ ಮಗಳು ಶಿವಲೀಲಾ ನಾಲ್ಕನೇ ತರಗತಿ.

"ಏನ್ರಿ ಟೀಚರ್, ಸಣ್ಣ ಹುಡುಗರ ಕೈಯಾಗ ಕೋಲು ಕೊಟ್ಟು ಹೊಡದಾಟ ಕಲಸಾಕತ್ತೀರೇನು? ನಮ್ಮ ಹುಡುಗಿನ ಮೂಲ್ಯಾಗ ಕುಂದರಸ್ರಿ."

ಸಣ್ಣವ್ವ ನಿಯಮಗಳನ್ನೆಲ್ಲ ಒಪ್ಪಿಸಿದಳು. ಚೆಂಡು ಹಿಚುಕಿ ತೋರಿಸಿದಳು. ನನ್ನನ್ನು ಕರೆದು ಕಾಲಿಗೆ ಒಂದು ಬಾರಿಸಿಯೂ ತೋರಿಸಿದಳು. ಸಾವಕಾರರು ನಗಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ದನಿ ಇಳಿಸಿ ಹೇಳಿದರು: "ಆಕಿ ಸಣ್ಣಾಕಿದ್ದಾಗ ಹೈದ್ರಾಬಾದಿನ್ಯಾಗ ಎದಿ ಆಪರೇಶನ್ ಆಗ್ಯದ ಟೀಚರ್. ಈಗೇನೂ ತೊಂದ್ರಿ ಇಲ್ಲಂತಾರ. ಆದ್ರ ಆಕಿ ಓಡಿದ್ರ ಇಲ್ಲಿ ನನ್ನ ಉಸಿರು ನಿಂತಂಗಾಗ್ತದ."

ಸಣ್ಣವ್ವನಿಗೆ ಇದಕ್ಕೊಂದು ನಿಯಮ ಗೊತ್ತಿರಲಿಲ್ಲ. "ನಡ್ರಿ, ರಾಯಚೂರಿಗೆ ಹೋಗಿ ಡಾಕ್ಟ್ರನ್ನೇ ಕೇಳೂಣು. ಕೋಲೂ ತೋರಸೂಣು," ಎಂದಳು.

ಹೀಗೆ ಸಾವಕಾರರು, ಹುಡುಗಿ, ಸಣ್ಣವ್ವ, ಕೋಲು, ಚೆಂಡು ಮತ್ತು ನಾನು ರಾಯಚೂರಿನ ಬಸ್ಸು ಹತ್ತಿದೆವು. ನಾನೇಕೆಂದು ಕೇಳಿದ್ದಕ್ಕೆ, "ಕಾಲು ಬೇಕಲ್ಲಲೇ," ಎಂಬ ಉತ್ತರ ಬಂತು. ಬಸ್ಸಿನಲ್ಲಿ ಪಕ್ಕದ ಸೀಟಿನ ಕುರಿ ಕಾಯುವ ಮುದುಕಪ್ಪ ಸಣ್ಣವ್ವನ ಕೋಲನ್ನೇ ದಿಟ್ಟಿಸುತ್ತಿದ್ದ.

"ಯವ್ವಾ, ನಿನ್ನ ಕೋಲ್ಯಾಕ ಡೊಂಕದ?"

"ಇದು ಚೆಂಡು ಆಡೋದು ಯಪ್ಪಾ. ಮೊಣಕಾಲಿನ ಮ್ಯಾಲ ಎತ್ತಂಗಿಲ್ಲ."

ಮುದುಕಪ್ಪ ತನ್ನ ಕೋಲು ನೋಡಿಕೊಂಡು ಹೇಳಿದ: "ನಂದು ಎತ್ತದಿದ್ರ ಕುರಿ ಮಾತೇ ಕೇಳಂಗಿಲ್ಲ ನೋಡವ್ವ."

ಸಣ್ಣವ್ವ ರಾಯಚೂರು ಬರುವವರೆಗೂ ಕಿಟಕಿಯಾಚೆಯ ಭತ್ತದ ಗದ್ದೆಗಳನ್ನು ನೋಡುತ್ತ ಕೂತಳು.

ಡಾಕ್ಟರರು ಹುಡುಗಿಯ ಎದೆ ಪರೀಕ್ಷಿಸಿ, ಹಳೆಯ ಕಾಗದಗಳನ್ನು ನೋಡಿ, "ಎಲ್ಲಾ ಮಕ್ಕಳಂಗ ಓಡ್ಲಿ. ದಣಿವಾದ್ರ ಕುಂದರ್ಲಿ, ಅಷ್ಟ," ಎಂದರು. ಸಣ್ಣವ್ವನಿಗೆ ಸಮಾಧಾನವಾಗಲಿಲ್ಲ. "ಚೆಂಡು ಎದಿಗೆ ಬಡದ್ರ?" ಎಂದು ಚೆಂಡನ್ನು ಅವರ ಕೈಗಿಟ್ಟಳು. ಡಾಕ್ಟರರು ಹಿಚುಕಿದರು. ಮೂಗಿನ ಹತ್ತಿರ ಒಯ್ದರು. "ಇದರಿಂದ ಎದಿಗೇನೂ ಆಗಂಗಿಲ್ರಿ," ಎಂದು ದೂರ ಇಟ್ಟು, "ಯಾರ ಕಾಲುಚೀಲ ಇವು?" ಎಂದು ಕೇಳಿದರು. ನಾನು ತಿರುಗುವ ಫ್ಯಾನು ನೋಡುತ್ತಿದ್ದೆ.

ಮರುವಾರ ಆಟದ ಹೊತ್ತಿಗೆ ಸಾವಕಾರರು ಹಾಲ್‌ನ ಬಾಗಿಲಲ್ಲಿ ಬಂದು ನಿಂತಿದ್ದರು. ಒಳಗೂ ಬಾರರು, ಹೊರಗೂ ಹೋಗರು. ಸಣ್ಣವ್ವ ಅವರ ಕೈಗೊಂದು ಕೋಲು ಕೊಟ್ಟಳು. "ನಿಂತು ನೋಡಿದ್ರ ಹೆದ್ರಿಕಿ ಜಾಸ್ತಿ. ಆಡ್ರಿ."

ಬಿಳಿ ಧೋತರವನ್ನು ಮೇಲೆತ್ತಿ ಕಟ್ಟಿ ಸಾವಕಾರರು ಆಟಕ್ಕೆ ಇಳಿದರು. ಇಳಿದವರೇ ಕೋಲನ್ನು ಹೆಗಲ ಮಟ್ಟಕ್ಕೆ ಬೀಸಿದರು. ಸೀಟಿ. ಒಂದೇ ಕೈಯಲ್ಲಿ ಹಿಡಿದರು. ಮತ್ತೆ ಸೀಟಿ. ಮೂರನೇ ತರಗತಿಯ ಹುಡುಗಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು, "ಸಾವಕಾರ್ರ, ಹೊಡೀಬ್ಯಾಡ್ರಿ, ನೂಕ್ರಿ. ಎಷ್ಟು ಸಲ ಹೇಳ್ಬೇಕು ನಿಮಗ?" ಎಂದಳು. ಊರಿನ ಅರ್ಧ ಜನ ಎದ್ದು ನಿಂತು ಮಾತಾಡಿಸುವ ಮನುಷ್ಯ, ತಲೆ ತಗ್ಗಿಸಿ, "ತಪ್ಪಾತವ್ವ," ಎಂದರು. ಕೊನೆಗೆ ಸಣ್ಣವ್ವ ಅವರನ್ನು ಆಟದಿಂದ ತೆಗೆದು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂರಿಸಿದಳು.

ಶಿವಲೀಲಾ ಮೊದಮೊದಲು ನಡೆಯುತ್ತಿದ್ದಳು. ಓಡಿ ಅಭ್ಯಾಸವಿರಲಿಲ್ಲ. ಚೆಂಡು ಒಮ್ಮೆ ಅವಳ ಕೋಲಿಗೆ ತಾನಾಗಿ ಬಂದು ನಿಂತಿತು. ಅದನ್ನು ನೂಕುತ್ತ ಹೊರಟವಳು ಹಾಗೇ ಓಡತೊಡಗಿದಳು. ಹಾಲ್‌ನ ಆ ತುದಿಯವರೆಗೆ ಓಡಿದಳು, ತಿರುಗಿ ಓಡಿದಳು, ಆಟ ಇನ್ನೊಂದು ಕಡೆಗೆ ಹೋದರೂ ಓಡುತ್ತಲೇ ಇದ್ದಳು. ಆಮೇಲೆ ನಿಂತಳು. ಬಾಯಿ ತೆರೆದು ಏದುಸಿರು ಬಿಡುತ್ತಿದ್ದಳು. ಸಾವಕಾರರು ಬೆಂಚಿನಿಂದ ಎದ್ದುಬಿಟ್ಟರು, ಮುಖ ಸುಣ್ಣದ ಹಾಗಾಗಿತ್ತು.

ಹುಡುಗಿ ಕೋಲು ಕೆಳಗಿಟ್ಟು ಅಪ್ಪನ ಹತ್ತಿರ ಬಂದಳು. ಅವರ ಅಂಗೈ ಹಿಡಿದು ತನ್ನ ಎದೆಗೆ ಒತ್ತಿಕೊಂಡಳು.

"ಅಪ್ಪಾ, ನೋಡಿಲ್ಲಿ, ಹೆಂಗ ಬಡಿಯಾಕತ್ತದ," ಎಂದಳು. ಹೊಸ ಬಳೆ ತೋರಿಸುವ ಮಕ್ಕಳ ದನಿಯಲ್ಲಿ ಹೇಳಿದಳು.

ಸಾವಕಾರರು ಕೈ ತೆಗೆಯಲಿಲ್ಲ. ಸಣ್ಣವ್ವ ಗೋಡೆಯ ಕಡೆ ತಿರುಗಿ, "ಎಲ್ಲಾರೂ ಹೋಗಿ ನೀರು ಕುಡದು ಬರ್ರಿ," ಎಂದಳು. ಮಕ್ಕಳು ನಲ್ಲಿಯ ಕಡೆ ಓಡಿದರು. ಅವರ ಹಿಂದೆ ಸಣ್ಣವ್ವನೂ ನಾನೂ ಹೊರಗೆ ಬಂದು, ಅಪ್ಪ ಮಗಳನ್ನು ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡೆವು.