ನಮ್ಮ ಯಜಮಾನರು ‘ಇದೆ’ ಎಂದಾಗ

ಮನೆಯಲ್ಲಿ ಒಬ್ಬರಿಗೆ ಏನೋ ವಿಶೇಷ ಬರುತ್ತದೆ ಎಂದು ಊರಿಗೆ ಗೊತ್ತಾಯಿತೆಂದರೆ ಅವರ ಕಥೆ ಮುಗಿದಂತೆ. ಕಂಠ ಚೆನ್ನಾಗಿರುವವಳನ್ನು ಕೇರಿಯ ಆರತಿಗೆಲ್ಲ ಹಾಡಲು ಎಳೆದೊಯ್ಯುತ್ತಾರೆ. ಅಕ್ಷರ ದುಂಡಗಿರುವವನು ಕಂಡಕಂಡವರ ಕಾಗದ ಬರೆದುಕೊಟ್ಟು ತನ್ನ ಮನೆಗೆ ಬರೆಯುವುದನ್ನೇ ಮರೆಯುತ್ತಾನೆ. ನನಗೆ ಹಾಡು ಬಾರದು. ಅಕ್ಷರ ಕೋಳಿ ಕೆದರಿದ ಹಾಗಿದೆ. ನನಗೆ ಬರುವುದು ಎರಡೇ, ಎತ್ತುವುದು ಮತ್ತು ನೆಗೆಯುವುದು. ಎತ್ತುವುದೆಂದರೆ ಕೊಡ ಎತ್ತುವುದಲ್ಲ, ಮೂಟೆ ತುಂಬಿದ ಗಾಡಿಯನ್ನು ಜೋಡೆತ್ತುಗಳ ಸಮೇತ ಎತ್ತುವುದು. ನೆಗೆಯುವುದೂ ಹಾಗೆಯೇ. ಚನ್ನಗಿರಿಯಲ್ಲಿ ಕೋಟೆ ಗುಡ್ಡದ ಬುಡಕ್ಕೇ ನಮ್ಮ ತವರುಮನೆ. ಚಿಕ್ಕವಳಿದ್ದಾಗ ಕೋಳಿ ಹಿಡಿಯಲು ಓಡಿದವಳು ಒಂದೇ ನೆಗೆತಕ್ಕೆ ಕೋಟೆಯ ಗೋಡೆಯ ಮೇಲೆ ಹೋಗಿ ಕುಳಿತಿದ್ದೆ. ನಮ್ಮವ್ವ ಕೆಳಗೆ ನಿಂತು, “ಇಳಿಯೇ ಗಂಗಿ, ಮದ್ವಿ ಆಗೋ ಹುಡುಗಿ, ಯಾರಾದ್ರೂ ನೋಡ್ಯಾರು!” ಎಂದು ಕೂಗಿದಳು. ಬಿದ್ದೀಯ ಎನ್ನಲಿಲ್ಲ, ನೋಡ್ಯಾರು ಎಂದಳು.

ನೋಡಿದವರೂ ಇದ್ದರು, ಮದುವೆಯೂ ಆಯಿತು. ನ್ಯಾಮತಿಯಲ್ಲಿ ಶಾಲೆ ಮೇಷ್ಟರಾಗಿದ್ದ ಸೌಮ್ಯ ಸ್ವಭಾವದವರು ನನ್ನ ಕೈಹಿಡಿದರು. ನಾನು ಅವರ ಕೈಯನ್ನು ಮೆಲ್ಲಗೆ ಹಿಡಿಯುವುದನ್ನು ಕಲಿಯಲು ಸ್ವಲ್ಪ ಕಾಲ ಬೇಕಾಯಿತು. ಅದು ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ, ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಓಡುತ್ತಿದ್ದವು ಎಂದೆನೇ, ಏರು ಬಂದರೆ ಕೆಮ್ಮಿ ನಿಲ್ಲುತ್ತಿದ್ದವು. ಹೊನ್ನಾಳಿ ಬಸ್ಸು ನಿಂತಾಗಲೆಲ್ಲ ಕಂಡಕ್ಟರು ನಮ್ಮ ಮನೆ ಬಾಗಿಲಿಗೆ ಬಂದು, “ಅಮ್ಮಾರು ಪುರಸೊತ್ತಾಗಿದಾರಾ?” ಎಂದು ಕೇಳುವನು. ನಾನು ಒಲೆ ಮೇಲಿನ ಸಾರು ಇಳಿಸಿ, ಸೆರಗು ಸಿಕ್ಕಿಸಿ, ಬಸ್ಸನ್ನು ಏರಿನ ಆ ಕಡೆಗೆ ಇಟ್ಟು ಬರುವಷ್ಟರಲ್ಲಿ ಸಾರು ಆರಿರುತ್ತಿತ್ತು. ಊರಿನವರು ಹೊಗಳುತ್ತಿದ್ದರು, ನಿಜ. ಆದರೆ ಹೊಗಳುವವರಲ್ಲಿ ಯಾರಿಗೂ ನೆಗೆದು ಗೊತ್ತಿರಲಿಲ್ಲ. ಮೇಲೆ ಹೋದಾಗ ಕಿವಿ ಗುಯ್‌ಗುಡುವುದು, ಕೆಳಗಿಳಿಯುವಾಗ ಹೊಟ್ಟೆ ಬಾಯಿಗೆ ಬರುವುದು, ಇವನ್ನೆಲ್ಲ ಯಾರ ಹತ್ತಿರ ಹೇಳಿಕೊಳ್ಳುವುದು? ಯಜಮಾನರ ಹತ್ತಿರ ಹೇಳಿದರೆ “ಶುಂಠಿ ಕಷಾಯ ಕುಡಿ” ಎನ್ನುವರು.

ಹೀಗಿರುವಾಗ ಜಗಳೂರಿನ ಕಡೆಯಿಂದ ಸುದ್ದಿ ಬಂತು. ಆಕಾಶದಿಂದ ಏನೋ ಬಯಲಿಗೆ ಇಳಿಯಿತಂತೆ, ಕುರಿ ಕಾಯುವವರು ಕಂಡರಂತೆ. ಆಮೇಲೆ ಅಲ್ಲಿಯ ಶೇಂಗಾ ವ್ಯಾಪಾರಿಯೊಬ್ಬ ಒಂದೇ ಹೊತ್ತಿಗೆ ಸಂತೆಯಲ್ಲೂ ಮನೆಯಲ್ಲೂ ಕಾಣಿಸಿಕೊಳ್ಳತೊಡಗಿದನಂತೆ. ಮೊದಲು ಜನ ಜರ್ಮನಿಯವರು ಎಂದರು. ಜರ್ಮನಿಯವರಾದರೆ ನಮ್ಮ ಶೇಂಗಾ ವ್ಯಾಪಾರಿಯ ಮುಖ ಎಲ್ಲಿಂದ ತಂದಾರು ಎಂದು ಯಾರೋ ಕೇಳಿದ ಮೇಲೆ ‘ಮೇಲಿನವರು’ ಎಂಬ ಹೆಸರು ನಿಂತಿತು. ಅವರು ಯಾರ ರೂಪವನ್ನಾದರೂ ತಾಳುತ್ತಾರೆ, ರೂಪದ ಜೊತೆಗೆ ನೆನಪುಗಳನ್ನೂ ಎತ್ತಿಕೊಳ್ಳುತ್ತಾರೆ ಎಂದು ಗುಲ್ಲೆದ್ದಿತು. ತಾಲ್ಲೂಕಿನ ಅಮಲ್ದಾರರು ನನಗೆ ಹೇಳಿಕಳಿಸಿದರು. ನಾನು ಹೋದೆ. ಸಂತೆಯಲ್ಲಿ ಆ ವ್ಯಾಪಾರಿಯ ಮುಂದೆ ನಿಂತು, “ಶೇಂಗಾ ಐತೇನ್ರೀ?” ಎಂದೆ. ಆತ ಕೈಮುಗಿದು, “ಇದೆ ತಾಯಿ, ಬಹಳ ಚೆನ್ನಾಗಿದೆ” ಎಂದ. ನನ್ನ ಕಿವಿ ನಿಮಿರಿತು. ಜಗಳೂರು ಸಂತೆಯಲ್ಲಿ ಗೋಣಿಯ ಮೇಲೆ ಕುಳಿತವನು ‘ಇದೆ’ ಎನ್ನುವುದುಂಟೇ? ರೆಟ್ಟೆ ಹಿಡಿದೆ. ಗಾಬರಿಗೆ ಅವನ ಮುಖ ಮುದ್ದೆಯ ಹಿಟ್ಟಿನ ಹಾಗೆ ಕಲಸಿಹೋಯಿತು. ಹಿಂದೆಮುಂದೆ ನೋಡದೆ ಮೇಲಕ್ಕೆ ಎಸೆದೆ. ಹೋದವನು ಹೋದ, ಕೆಳಗೆ ಬೀಳಲಿಲ್ಲ. ನಿಜವಾದ ವ್ಯಾಪಾರಿ ಮನೆಯಲ್ಲಿ ಜ್ವರ ಬಂದು ಮಲಗಿದ್ದ.

ಒಂದು ಸಲ ಗೆದ್ದದ್ದೇ ನನ್ನ ತಲೆಗೇರಿತು. ಮೇಲಿನವರು ನೆನಪನ್ನು ಮನುಷ್ಯರಿಂದ ಪಡೆಯುತ್ತಾರೆ, ಮಾತನ್ನು ಮಾತ್ರ ಪುಸ್ತಕದಿಂದ ಕಲಿಯುತ್ತಾರೆ, ಆದ್ದರಿಂದ ‘ಐತೆ’ ಎಂದವರು ನಮ್ಮವರು, ‘ಇದೆ’ ಎಂದವರು ಅವರು ಎಂದು ನಾನೇ ಒಂದು ಸಿದ್ಧಾಂತ ಮಾಡಿಕೊಂಡೆ. ಅಲ್ಲಿಂದ ನನಗೆ ನೆಮ್ಮದಿ ಎಂಬುದೇ ಹೋಯಿತು. ಯಾರು ಬಾಯಿ ತೆರೆದರೂ ಕಿವಿ ಅಲ್ಲೇ. ಪುರಾಣ ಹೇಳುವವರ ಮುಂದೆ ಕುಳಿತರೆ ಕೈ ತುರಿಸುತ್ತಿತ್ತು. ಒಂದು ದಿನ ಕೋಟು ತೊಟ್ಟವರೊಬ್ಬರು ಬಾಗಿಲಿಗೆ ಬಂದು, “ಶಾಲೆ ಎಲ್ಲಿದೆಯಮ್ಮ?” ಎಂದರು. ನಾನು ಅವರನ್ನು ಎತ್ತಿ ಹುಣಸೆ ಮರದ ಮೇಲಿಟ್ಟೆ. ಎಸೆಯುವ ಮೊದಲು ಊರ ಗೌಡರಿಗೊಂದು ಮಾತು ತಿಳಿಸೋಣ ಎಂದು ಹಾಗೆ ಇಟ್ಟದ್ದು, ಅದೇ ಪುಣ್ಯ. ಗೌಡರು ಬಂದು ತಲೆಯೆತ್ತಿ ನೋಡಿ, “ಏ ತಾಯಿ, ಇವ್ರು ಶಾಲಿ ಇನ್‌ಸ್ಪೆಕ್ಟ್ರು ಕಣವ್ವ!” ಎಂದು ತಲೆ ಚಚ್ಚಿಕೊಂಡರು. ಮರದಿಂದ ಇಳಿದ ಇನ್‌ಸ್ಪೆಕ್ಟರು ನನಗೇನೂ ಅನ್ನಲಿಲ್ಲ, ಅನ್ನಲು ಅವರಿಗೆ ಧೈರ್ಯವಿರಲಿಲ್ಲ. ಯಜಮಾನರಿಗೆ ಮಾತ್ರ, ಮೈಸೂರಿಗೆ ಹೋಗಿ ಟ್ರೈನಿಂಗ್ ಮಾಡಿಕೊಂಡು ಬರತಕ್ಕದ್ದು ಎಂದು ಆರ್ಡರು ಬಂತು.

ಅವರು ಮೈಸೂರಿಗೆ ಹೋದರು. ಅದೇ ಸುಮಾರಿಗೆ ನಮ್ಮತ್ತೆ ತಮ್ಮ ಮಗಳ ಬಾಣಂತನಕ್ಕೆಂದು ಸವಳಂಗಕ್ಕೆ ಹೋದವರು ನಾನು ಕಾಲು ಚಾಚಿ ಕೂರುವ ಮೊದಲೇ ಹಿಂದಿರುಗಿದರು. “ಅಲ್ಲಿ ಅವ್ಳತ್ತಿನೇ ಎಲ್ಲ ನೋಡ್ಕಳಾಕೆ ಹತ್ಯಾಳೆ, ನಂದೇನೈತೆ ಕೆಲ್ಸ?” ಎಂದು ಗಂಟು ಇಳಿಸಿದರು. ಇಳಿಸಿದವರೇ ಅಟ್ಟದಲ್ಲಿ ಜೇಡರ ಬಲೆ ಇದೆಯೆಂದು ನನ್ನನ್ನು ಬೈದರು. ಅದೇ ಧ್ವನಿ, ಅದೇ ಬೈಗುಳ. ಒಂದೇ ವ್ಯತ್ಯಾಸ, ಮಧ್ಯಾಹ್ನ ಕೆಲಸ ಮುಗಿದ ಮೇಲೆ ಹತ್ತಿರ ಕೂರಿಸಿಕೊಂಡು, “ಮ್ಯಾಲೆ ಹೋದಾಗ ಹೆಂಗಾಗ್ತೈತೆ ಹೇಳು” ಎಂದು ಕೇಳುತ್ತಿದ್ದರು. ಹೇಳುತ್ತಿದ್ದೆ. ಕಿವಿ ಗುಯ್‌ಗುಡುತ್ತದೆ ಎಂದರೆ, “ಉಸುರು ಬಿಗಿ ಹಿಡೀಬ್ಯಾಡ, ಬಾಯಿ ಒಸಿ ತಗದಿರು” ಎಂದರು. ಹಾಗೆ ಮಾಡಿದೆ, ನಿಂತಿತು. ಮುದುಕಿಗೆ ಇದೆಲ್ಲ ಹೇಗೆ ಗೊತ್ತು ಎಂದು ನಾನು ಯೋಚಿಸಲಿಲ್ಲ. ವಯಸ್ಸಾದವರಿಗೆ ಎಲ್ಲದಕ್ಕೂ ಒಂದು ಮದ್ದು ಗೊತ್ತಿರುತ್ತದೆ ಎಂದುಕೊಂಡೆ. ಆ ದಿನಗಳಲ್ಲಿ ನಾನು ನಿಜವಾಗಿ ಸುಖವಾಗಿದ್ದೆ.

ಟ್ರೈನಿಂಗ್ ಮುಗಿಸಿ ಯಜಮಾನರು ಬಂದರು. ಬಸ್ಸಿನಿಂದಿಳಿದವರೇ, “ಹೇಗಿದ್ದೀಯೆ, ಗಂಗಾ?” ಎಂದರು. ನನ್ನ ಕಿವಿ ಮತ್ತೆ ನಿಮಿರಿತು. ನಮ್ಮವರು ನನ್ನನ್ನು ಮದುವೆಯಾದಂದಿನಿಂದ “ಏನೇ” ಎಂದು ಕರೆದವರು. ತೀರ ಪ್ರೀತಿ ಉಕ್ಕಿದರೆ “ಗಂಗಿ” ಎಂದಾರು. ಊಟಕ್ಕೆ ಕುಳಿತರು. “ಸಾರು ಬಹಳ ರುಚಿಯಾಗಿದೆ. ಉಪ್ಪು ಮಾತ್ರ ತುಸು ಕಡಿಮೆ ಇದೆ” ಎಂದರು. ನಾನು ಉಪ್ಪು ತರುವ ನೆವದಲ್ಲಿ ಒಳಗೆ ಹೋಗಿ ಗೋಡೆಗೊರಗಿ ನಿಂತೆ. ಸೂಕ್ಷ್ಮವಾಗಿ ಕೇಳಿ ನೋಡಿದೆ. ಮದುವೆಯಲ್ಲಿ ಯಾರ ಚಪ್ಪಲಿ ಕಳೆಯಿತು, ನನ್ನ ತಮ್ಮನಿಗೆ ನಾಯಿ ಎಲ್ಲಿ ಕಚ್ಚಿತು, ಎಲ್ಲ ಸರಿಯಾಗಿ ಹೇಳಿದರು. ನೆನಪಿದ್ದರೆ ಏನಾಯಿತು, ಶೇಂಗಾದವನಿಗೂ ಎಲ್ಲ ನೆನಪಿತ್ತು! ಕೊನೆಗೆ ತಡೆಯಲಾರದೆ, “ನೀವು ‘ಐತೆ’ ಅನ್ರಿ ನೋಡಾನ” ಎಂದೆ. ಅವರು ಮುಖ ಗಂಟಿಕ್ಕಿ, “ಮಕ್ಕಳಿಗೆ ಕಲಿಸುವವನ ಬಾಯಲ್ಲಿ ಶುದ್ಧ ಭಾಷೆ ಇರಬೇಕು. ಮನೆಯಲ್ಲೊಂದು ಶಾಲೆಯಲ್ಲೊಂದು ಮಾತಾಡಿದರೆ ನಾಲಿಗೆ ಕೆಡುತ್ತದೆ, ಹಾಗೆಂದು ಅಲ್ಲಿ ಪ್ರತಿಜ್ಞೆ ಮಾಡಿಸಿದ್ದಾರೆ. ಅಲ್ಲ, ನೀನು ತವರಿಗೆ ಕಾಗದ ಬರೆಯುವಾಗ ಏನೆಂದು ಬರೆಯುತ್ತೀಯೆ?” ಎಂದರು. “‘ಇದೆ’ ಅಂತಾನೇ ಬರೀತೀನಿ.” “ಹಾಗಾದರೆ ನೀನು ಯಾರು?” “ಅದು ಬರೆಯಾಕೆ ರೀ, ಮಾತಾಡಾಕಲ್ಲ!” ಎಂದೆ. ವಾದದಲ್ಲಿ ಗೆದ್ದೆ, ಆದರೆ ಊಟ ಸೇರಲಿಲ್ಲ.

ಅತ್ತೆ ಮಾತ್ರ, “ನನ್ ಮಗನೇ ಕಣೇ ಅವ್ನು, ಸುಮ್ನಿರು” ಎಂದು ಗದರಿದರು. ಹೆತ್ತ ಕರುಳು, ಕುರುಡು ಮೋಹ ಎಂದುಕೊಂಡೆ. ಊರಿನಲ್ಲಿ ಪಿಸುಮಾತು ಶುರುವಾಯಿತು. ಮೇಷ್ಟರು ‘ಇದೆ’ ಎನ್ನುತ್ತಾರಂತೆ ಎಂಬುದು ಹತ್ತಿರದ ಊರು ಗೋವಿನಕೋವಿಯ ತನಕ ಮುಟ್ಟಿತು. ಗೌಡರು ಬಂದು ಜಗಲಿಯ ಮೇಲೆ ಕುಳಿತು, “ನೋಡವ್ವ, ಊರ ಕಾಯಾಕೆ ನೀನದೀಯ ಅಂತ ನಾವು ನಿಶ್ಚಿಂತಿಯಾಗಿದ್ವಿ. ಈಗ ನಿನ್ ಮನ್ಯಾಗೇ ಒಬ್ನ ಇಟ್ಕಂಡ್ರೆ ಹೆಂಗೆ? ನೀನು ಎಸೀದಿದ್ರೆ ಪೊಲೀಸ್ನೋರು ಬಂದು ಬಂದೂಕಿಂದ ಮುಗಿಸ್ತಾರೆ” ಎಂದರು. ಈತ ಮೇಲಿನವನಾಗಿದ್ದರೆ ನನ್ನ ಗಂಡ ಎಲ್ಲಿ, ಏನಾಗಿದ್ದಾರೆ? ನನ್ನ ಗಂಡನೇ ಆಗಿದ್ದರೆ ನಾನೇನು ಮಾಡಹೊರಟಿದ್ದೇನೆ? ಆಚೆ ಹೋಗುವುದು, ಈಚೆ ಬರುವುದು, ಮಜ್ಜಿಗೆ ಕಡೆಯುವುದು, ಕಡೆದದ್ದನ್ನೇ ಮತ್ತೆ ಕಡೆಯುವುದು. ಬಸ್ಸು ಎತ್ತುವ ಕೈಗೆ ಆ ದಿನ ಕಡೆಗೋಲು ಭಾರವಾಗಿತ್ತು.

ಮಾರನೆಯ ದಿನ ಮಧ್ಯಾಹ್ನ ಅವರನ್ನು ಹಿತ್ತಲ ಕಣಕ್ಕೆ ಕರೆದುಕೊಂಡು ಹೋದೆ. ಅತ್ತೆ ಬಣವೆಯ ನೆರಳಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಯಜಮಾನರನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, “ರೀ, ನಿಮ್ಮ ಕಾಲಿಗೆ ಬೀಳ್ತೀನಿ, ಒಂದೇ ಒಂದು ಸಲ ‘ಐತೆ’ ಅಂದುಬಿಡ್ರಿ” ಎಂದು ಗೋಗರೆದೆ. ಕಾಲಿಗೆ ಬೀಳುವವಳ ತಲೆಯ ಮೇಲೆ ಅವರೇ ಇದ್ದರು. ಬೇರೆ ಯಾರಾದರೂ ಆಗಿದ್ದರೆ ಅಂದುಬಿಡುತ್ತಿದ್ದರು. ನಮ್ಮವರು ಸೌಮ್ಯ ಎಂದೆನಲ್ಲ, ಸೌಮ್ಯರ ಹಟ ನಿಮಗೆ ಗೊತ್ತಿಲ್ಲ. ಮೇಲಿಂದಲೇ ಗಂಟಲು ಸರಿಮಾಡಿಕೊಂಡು, “ಇದು ತೀರ ಅನ್ಯಾಯವಾಗಿದೆ!” ಎಂದರು. ಆ ‘ಇದೆ’ ಕಿವಿಗೆ ಬಿದ್ದದ್ದೇ ತಡ, ನನ್ನ ಕೈ ನನ್ನ ಮಾತು ಕೇಳಲಿಲ್ಲ, ಎಸೆದೇಬಿಟ್ಟಿತು. ಅವರು ಹುಣಸೆ ಮರ ದಾಟಿ ಮೇಲೆ ಹೋದರು. ಹದ್ದಿನಷ್ಟಾದರು, ಗುಬ್ಬಿಯಷ್ಟಾದರು. ಆಮೇಲೆ ಮತ್ತೆ ಹದ್ದಿನಷ್ಟಾಗತೊಡಗಿದರು.

ಬೀಳುತ್ತಿದ್ದಾರೆ! ಬೀಳುತ್ತಿದ್ದಾರೆ ಎಂದರೆ ನಮ್ಮವರೇ! ನೆಗೆದು ಹಿಡಿಯಬೇಕು ಎಂದು ಬುದ್ಧಿ ಕೂಗುತ್ತಿದೆ, ಕಾಲು ಮಾತ್ರ ನೆಲ ಬಿಡಲೊಲ್ಲದು. ಆಗ ಪಕ್ಕದಲ್ಲಿ ಅವರೆಕಾಯಿಯ ಮೊರ ಮಗುಚಿದ ಸದ್ದಾಯಿತು. ಅತ್ತೆ ಸೀರೆಯನ್ನು ಕಾಲಿನ ನಡುವೆ ಎಳೆದು ಕಚ್ಚೆ ಹಾಕಿ, ಬಾಯಿ ಒಸಿ ತೆರೆದು, ನೆಗೆದರು. ನಾನು ಅಂಥ ನೆಗೆತ ಕಂಡಿರಲಿಲ್ಲ. ಕಾಣುವುದು ಹೇಗೆ, ನೆಗೆಯುವವಳು ನಾನೊಬ್ಬಳೇ ಅಲ್ಲವೇ! ನಡು ಆಕಾಶದಲ್ಲಿ ಮಗನನ್ನು ಕೂಸಿನ ಹಾಗೆ ಅವುಚಿಕೊಂಡು ಇಳಿದು ಬಣವೆಯ ಮೇಲೆ ಮಲಗಿಸಿದರು. ಅವರಿಗೆ ಪ್ರಜ್ಞೆ ತಪ್ಪಿತ್ತು, ಉಸಿರು ಸರಿಯಾಗಿತ್ತು. ಅತ್ತೆ ಹುಲ್ಲು ಕೊಡವಿಕೊಂಡು ನನ್ನ ಕಡೆ ತಿರುಗಿ, “ನಿನ್ ಗಂಡನೇ ಕಣವ್ವ. ನಮ್ಮೋನಾಗಿದ್ದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ?” ಎಂದರು.

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಕೇಳಬೇಕಾದ್ದು ನೂರಿದ್ದರೂ ಬಾಯಿಗೆ ಬಂದದ್ದು, “ಮತ್ತೆ ನೀವು ‘ಐತೆ’ ಅಂತಿದ್ರಲ್ಲ!” ಎಂಬುದೇ. ಅವರು ನಕ್ಕರು. “ಶೇಂಗಾದೋನು ಶಾಲಿ ಕಿಟಕಿ ತಾವ ಕುಂತು ಮಾತು ಕಲ್ತಿದ್ದ. ನಾನು ಬಾವಿಕಟ್ಟಿ ತಾವ ಕಲ್ತೆ” ಎಂದರು. ನಿಜವಾದ ಅತ್ತೆ ಸವಳಂಗದಲ್ಲಿ ಮೊಮ್ಮಗನನ್ನು ತೊಡೆ ಮೇಲಿಟ್ಟುಕೊಂಡು ಆರಾಮಾಗಿದ್ದಾರೆಂದೂ ಹೇಳಿದರು. “ಯಾಕೆ ಬಂದಿದ್ರಿ?” ಎಂದೆ. “ನಮ್ಮಂಗೇ ನೆಗೆಯೋಳು ಒಬ್ಳು ಅದಾಳಂತ ಕೇಳಿದ್ದೆ. ನೋಡಾಕೆ ಬಂದೆ. ಎಸೆದ್ಬಿಟ್ಟೀಯ ಅಂತ ಹೇಳ್ಲಿಲ್ಲ” ಎಂದರು. ನಾನು ಅವರ ಕೈ ಹಿಡಿದುಕೊಂಡು ಗಟ್ಟಿಯಾಗಿ ಅತ್ತುಬಿಟ್ಟೆ. ಮೆಲ್ಲಗೆ ಹಿಡಿಯಬೇಕೆಂಬ ಎಚ್ಚರವಿಲ್ಲದೆ ನಾನು ಹಿಡಿದ ಮೊದಲ ಕೈ ಅದು, ಅದಕ್ಕೇನೂ ಆಗಲಿಲ್ಲ. ಅಷ್ಟರಲ್ಲಿ, ಎಸೆದಾಗ ಯಜಮಾನರು ಕೂಗಿದ್ದು ಕೇಳಿ ಗೌಡರೂ ಅವರ ಹಿಂದೆ ಊರಿನವರೂ ಬರುವುದು ಕಾಣಿಸಿತು. ಅತ್ತೆ ಕೈ ಬಿಡಿಸಿಕೊಂಡು, “ಬರ್ತೀನವ್ವ” ಎಂದು ನೆಗೆದರು. ಕೆಳಗೆ ಬೀಳಲಿಲ್ಲ.

ಗೌಡರಿಗೆ, ಮೇಷ್ಟರು ಕೆಳಗೆ ಬಿದ್ದರು, ಆದ್ದರಿಂದ ನಮ್ಮವರೇ ಎಂದಷ್ಟೇ ಹೇಳಿದೆ. ಸವಳಂಗದಿಂದ ನಿಜವಾದ ಅತ್ತೆ ಬಂದು ಅಟ್ಟದ ಜೇಡರ ಬಲೆಗೆ ನನ್ನನ್ನು ಬೈದರು. ನಾನು ಆಸೆಯಿಂದ, “ಅತ್ತೆ, ಮ್ಯಾಲೆ ಹೋದಾಗ ಕಿವಿ ಗುಯ್‌ ಅಂದ್ರೆ ಏನ್ಮಾಡ್ಬೇಕು?” ಎಂದು ಕೇಳಿದೆ. “ಹೋಗ್ಬ್ಯಾಡ” ಎಂದರು. ಯುದ್ಧ ಮುಗಿಯಿತು, ಬಸ್ಸಿಗೆ ಪೆಟ್ರೋಲು ಬಂತು, ನನ್ನನ್ನು ಕರೆಯುವವರು ಕಡಿಮೆಯಾದರು. ನಾನು ಮಾತ್ರ ಸಂಜೆಯಾದರೆ ಕಣದಲ್ಲಿ ಕೂರುವುದು, ಏಳುವುದು, ಮೇಲೆ ನೋಡುವುದು. ಒಂದು ಸಂಜೆ ಯಜಮಾನರು ಬಂದು ಪಕ್ಕದಲ್ಲಿ ಕುಳಿತರು. ಮೈಸೂರಿನ ನಾಲಿಗೆ ಅವರಲ್ಲಿ ಅಷ್ಟರಲ್ಲಿ ಸವೆದಿತ್ತು.

“ಏನೇ, ದಿನಾ ಯಾರನ್ನ ಕಾಯ್ತೀಯ?”

“ಬರ್ತೀನಿ ಅಂದು ಹೋಗ್ಯಾರಲ್ರೀ.”

ಅವರು ನನ್ನ ಮುಖವನ್ನೇ ನೋಡಿದರು. “ಅಲ್ವೇ, ಹೋಗೋರು ಹಂಗೇ ಅಲ್ವಾ ಅನ್ನೋದು? ಹೋಗ್ತೀನಿ ಅಂತ ಯಾರಾದ್ರೂ ಬಾಯಿಬಿಟ್ಟು ಅಂತಾರಾ? ಇಷ್ಟೂ ತಿಳಿಯಲ್ಲ ಅಂದ್ರೆ ನೀನೇ ಮೇಲಿನೋಳಿರ್ಬೇಕು ಕಣೇ!” ಎಂದು ನಕ್ಕರು.

‘ಬರ್ತೀನಿ’ ಎಂಬುದಕ್ಕೆ ಪುಸ್ತಕದ ಅರ್ಥವನ್ನೇ ಹಿಡಿದು ಕುಳಿತವಳು ನಾನು, ನನ್ನ ಸಿದ್ಧಾಂತದ ಪ್ರಕಾರ ನೋಡಿದರೆ ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಸದ್ಯ, ನನ್ನನ್ನು ಎತ್ತಿ ಎಸೆಯುವ ಶಕ್ತಿ ಈ ಊರಿನಲ್ಲಿ ಯಾರಿಗೂ ಇಲ್ಲ. ಅಲ್ಲವೆಂದು ವಾದಿಸದೆ ಎದ್ದು ಒಳಗೆ ಹೋಗಿ ಅಡಿಗೆಗೆ ಅಕ್ಕಿ ಅಳೆದೆ. ಒಂದಾಳಿನದು ಹೆಚ್ಚಾಯಿತು.