ಸೊನ್ನೆ ಸೆಕೆಂಡಿನ ಸಾಲುಗಳು

ಹಸಿವಾಗಿದೆಯೋ ಇಲ್ಲವೋ ಎಂಬುದು ಎಲ್ಲರಿಗೂ ಹೊಟ್ಟೆಯಿಂದ ತಿಳಿಯುತ್ತದೆ. ನನ್ನ ಸೋದರಮಾವನಿಗೆ ಮಾತ್ರ ಎಕ್ಸೆಲ್ ಶೀಟಿನಿಂದ ತಿಳಿಯುತ್ತದೆ! ಉತ್ಪ್ರೇಕ್ಷೆ ಎನ್ನಬೇಡಿ. ಸವಣೂರಿನ ಅವರ ಮನೆಯಲ್ಲಿ ಯಾರು ಎಷ್ಟು ರೊಟ್ಟಿ ತಿಂದರು, ಅದರಲ್ಲಿ ಉಬ್ಬಿದವೆಷ್ಟು, ಉಬ್ಬದವೆಷ್ಟು ಎಂಬುದಕ್ಕೆಲ್ಲ ಲ್ಯಾಪ್‌ಟಾಪಿನಲ್ಲಿ ಬೇರೆಬೇರೆ ಕಾಲಂಗಳಿವೆ. ಒಮ್ಮೆ ನಾನು ನಾಲ್ಕನೇ ರೊಟ್ಟಿಗೆ ಕೈ ಚಾಚಿದಾಗ, "ಏ ಹುಡುಗಿ, ನಿನ್ನ ಸರಾಸರಿ ಎರಡೂವರಿ ಐತಿ" ಎಂದು ತಡೆದರು. ರೊಟ್ಟಿ ಬಡಿಯುತ್ತಿದ್ದ ಅತ್ತಿ ಕೈ ನಿಲ್ಲಿಸಿ, "ಸರಾಸರಿ ನೀವ ತಿನ್ರಿ, ರೊಟ್ಟಿ ಅಕಿ ತಿಂತಾಳ" ಎಂದರು.

ಮಾಮಾ ಹಾನಗಲ್ಲಿನ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮೂವತ್ತು ವರ್ಷ ಹಾಜರಿ ಕೂಗಿದ ಬಾಯಿ. ಹೆಸರು ಕೂಗಿದಾಗ 'ಹಾಜರ್ ಸರ್' ಎನ್ನದವನು ಮೊದಲ ಬೆಂಚಿನಲ್ಲೇ ಕುಳಿತಿದ್ದರೂ ಗೈರುಹಾಜರಿ ಎಂಬುದು ಅವರ ಸಿದ್ಧಾಂತ. ನಿವೃತ್ತಿಯ ಮೇಲೆ ಕೂಗಲು ಹೆಸರುಗಳೇ ಇಲ್ಲದೆ ಮನೆಯಲ್ಲಿ ಒದ್ದಾಡುತ್ತಿದ್ದರು. ಶಿಗ್ಗಾವಿಯಲ್ಲಿ ಕಂಪ್ಯೂಟರ್ ಕಲಿಸುವ ನಾನು ಪಾಪ ಎಂದುಕೊಂಡು ಎಕ್ಸೆಲ್ ತೋರಿಸಿಕೊಟ್ಟೆ. ಆದ್ದರಿಂದ ಮುಂದಿನದಕ್ಕೆಲ್ಲ ಹೊಣೆ ನನ್ನದೇ.

ಶೀಟಿನಲ್ಲಿ ಕೈಯಾರೆ ತುಂಬುವುದು ಸಾಕೆನಿಸಿದಾಗ ಅವರಿಗೆ ಅಂಕಿಗಳನ್ನು ತಾವೇ ಹೊತ್ತು ತರುವ ಎಕ್ಸ್‌ಎಂಎಲ್ ಫೈಲುಗಳ ಹುಚ್ಚು ಹಿಡಿಯಿತು. ಹವಾಮಾನದ ಫೈಲೊಂದನ್ನು ಇಳಿಸಿಕೊಂಡು ತೆರೆದರೆ, ಸಾಲೂ ಇಲ್ಲ, ಕಾಲಮ್ಮೂ ಇಲ್ಲ. ಪ್ರತಿ ಅಂಕಿಗೂ ಮುಂದೊಂದು ಹೆಸರುಚೀಟಿ, ಹಿಂದೊಂದು ಹೆಸರುಚೀಟಿ, ಒಂದರೊಳಗೊಂದು ಸುತ್ತಿಕೊಂಡು ಕುಳಿತಿವೆ. ಇದನ್ನು ಬಿಚ್ಚಿ ಶೀಟಿನಲ್ಲಿ ಸಾಲಾಗಿ ಕೂರಿಸುವುದಕ್ಕೆ ಕ್ವೆರಿ ಎಂಬ ಪ್ಲಗಿನ್ ಇದೆ ಎಂದು ಹೇಳಿ ಅದನ್ನೂ ಹಾಕಿಕೊಟ್ಟೆ. ನನಗೆ ಬುದ್ಧಿ ಬರುವುದು ಯಾವಾಗಲೂ ಸ್ವಲ್ಪ ತಡ.

ಎರಡೇ ದಿನದಲ್ಲಿ ಮಾಮಾ ಅದನ್ನು ಅರೆದು ಕುಡಿದರು. ಮೂರನೇ ದಿನ ಊರಿಗೆ ಕಲಿಸಲು ಹೊರಟರು. ಮೊದಲು ಸಿಕ್ಕವನು ವೀಳ್ಯದೆಲೆ ಅಂಗಡಿಯವ.

"ನೋಡಪಾ, ಎಕ್ಸ್‌ಎಂಎಲ್ ಅಂದರ ನಿನ್ನ ಎಲಿ ಕಟ್ಟು ಇದ್ದಂಗ. ದೊಡ್ಡ ಕಟ್ಟಿನೊಳಗ ಸಣ್ಣ ಕಟ್ಟು. ಕ್ವೆರಿ ಏನ್ ಮಾಡತೈತಿ, ಎಲ್ಲಾ ಬಿಚ್ಚಿ ಒಂದೊಂದ ಎಲಿ ಸಾಲಾಗಿ ಇಡತೈತಿ."

"ಬಿಚ್ಚಿ ಇಟ್ರ ಎಲಿ ಒಣಗತಾವಲ್ರಿ ಸರ," ಎಂದ ಆತ.

ಮಾಮಾ ಎಲೆ ತೆಗೆದುಕೊಳ್ಳದೆ ಮನೆಗೆ ಬಂದರು.

ಮರುವಾರ ಮಳೆಯ ಸರದಿ. ಬೆಳಿಗ್ಗೆ ಶೀಟು ನೋಡಿ, "ಇವತ್ತ ಮಳಿ ಇಲ್ಲ" ಎಂದು ಘೋಷಿಸಿ, ಹೊರಗೆ ಮೋಡ ಕವಿದಿದ್ದರೂ ಕೊಡೆ ಬಿಟ್ಟು ಚಹಾದ ಜತೆ ತಿನ್ನುವ ಸವಣೂರು ಖಾರ ತರಲು ಹೋದರು. ತೊಯ್ದು ತೊಪ್ಪೆಯಾಗಿ ಬಂದರು. ಪೊಟ್ಟಣದ ಖಾರ ಅಂಬಲಿಯಾಗಿತ್ತು. ಅತ್ತಿ ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಶೀಟ್ ತಪ್ಪಿಲ್ಲ," ಎಂದರು ಮಾಮಾ, ತಲೆ ಒರೆಸಿಕೊಳ್ಳುತ್ತ. "ಅದು ನಿನ್ನಿ ಲೆಕ್ಕ, ನಾ ರಿಫ್ರೆಶ್ ಮಾಡಿರಲಿಲ್ಲ."

ಇಷ್ಟರಲ್ಲೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಫೋನಿಗೆ ಬಂದ, ಫೋನಿನಿಂದ ಹೋದ ಕರೆಗಳನ್ನೆಲ್ಲ ಎಕ್ಸ್‌ಎಂಎಲ್ ಫೈಲಿನಲ್ಲಿ ಕಾಪಿಡುವ ಆ್ಯಪ್ ಒಂದಿದೆ. ಮಾಮಾ ಅದನ್ನು ಪತ್ತೆ ಹಚ್ಚಿದರು. ಎರಡು ವರ್ಷಗಳ ಕರೆಗಳನ್ನು ಕ್ವೆರಿಯಲ್ಲಿ ತಂದು, ಯಾರು ತಮ್ಮೊಂದಿಗೆ ಎಷ್ಟು ನಿಮಿಷ ಮಾತಾಡಿದ್ದಾರೆ ಎಂದು ಕೂಡಿಸಿ, ಪರೀಕ್ಷೆಯ ಫಲಿತಾಂಶದಂತೆ ಬಳಗಕ್ಕೆಲ್ಲ ರ‍್ಯಾಂಕ್ ಕೊಟ್ಟರು! ನನಗೆ ಹತ್ತೊಂಬತ್ತನೆಯ ಸ್ಥಾನ. ಮೊದಲ ಸ್ಥಾನ ಯಾರಿಗೆ? ಪ್ಲಾಟು ಮಾರಲು ಫೋನ್ ಮಾಡುವ, ಮುಖ ಕಂಡಿರದ ಒಬ್ಬ ಹುಡುಗಿಗೆ.

"ಅಕಿಗೆ ಕ್ಷೇತ್ರಫಲ ತಗಿಯಾಕ ಬರ್ತಿರಲಿಲ್ಲ," ಎಂದು ಮಾಮಾ ಸಮಜಾಯಿಷಿ ಕೊಟ್ಟರು. "ಕಲಿಸಿದೆ."

ನಾವೆಲ್ಲ ನಕ್ಕೆವು. ನಗು ನಿಂತದ್ದು ಶ್ರಾವಣದಲ್ಲಿ. ಪ್ರತಿ ಪಂಚಮಿಗೆ ಮಾಮಾ ಹಿರೇಕೆರೂರಿಗೆ ಹೋಗಿ ತಂಗಿಯನ್ನು, ಅಂದರೆ ನನ್ನ ಅವ್ವನನ್ನು, ತವರಿಗೆ ಕರೆತರುತ್ತಾರೆ. ಈ ಸಲ ಹಬ್ಬಕ್ಕೆ ಮೂರೇ ದಿನ ಉಳಿದರೂ ಸುದ್ದಿಯಿಲ್ಲ. ಅವ್ವ ನನಗೆ ಫೋನ್ ಮಾಡಿದಳು. "ಚೀಲ ತುಂಬಿ ಇಟ್ಟು ನಾಕ ದಿನ ಆತು. ಅಣ್ಣ ಇನ್ನೂ ಯಾಕ ಬಂದಿಲ್ಲೋ, ಒಂದೀಟ ಹೋಗಿ ನೋಡ್ಕೊಂಡ ಬಾರವಾ" ಎಂದಳು. ಕರೆಯದೆ ತವರಿಗೆ ಹೋಗುವವಳಲ್ಲ, ಯಾಕೆ ಕರೆಯಲಿಲ್ಲ ಎಂದು ಅಲ್ಲಿಗೇ ಕೇಳುವವಳೂ ಅಲ್ಲ ಅವಳು. ಆ ದನಿ ಕೇಳಿ ನನಗೆ ಮಾಮಾನ ಮೇಲೆ ನಿಜವಾಗಿ ಸಿಟ್ಟು ಬಂತು.

ಸವಣೂರಿಗೆ ಹೋದರೆ ಮಾಮಾ ಆರಾಮಾಗಿ ಲ್ಯಾಪ್‌ಟಾಪಿನ ಮುಂದಿದ್ದರು.

"ಅವ್ವನ್ನ ಕರಿಯಾಕ ಯಾಕ ಹೋಗಿಲ್ಲರಿ?" ಎಂದೆ.

ಅವರು ಶೀಟನ್ನು ನನ್ನ ಕಡೆ ತಿರುಗಿಸಿದರು. "ಹುಡುಕು. ನಿಮ್ಮವ್ವನ ಹೆಸರ ಎಲ್ಲೈತಿ? ಎರಡು ವರ್ಷದಾಗ ಅಕಿ ನನಗ ಒಂದ ಫೋನ್ ಮಾಡಿಲ್ಲ. ಪ್ಲಾಟಿನ ಹುಡುಗಿ ಮಾಡ್ತಾಳ, ಒಡಹುಟ್ಟಿದಾಕಿ ಮಾಡೂದಿಲ್ಲ. ಯಾವ ಮುಖ ಇಟ್ಕೊಂಡ ಹೋಗ್ಲಿ?"

ತಮಾಷೆಯಲ್ಲ, ಮನುಷ್ಯ ಒಳಗೇ ನೊಂದಿದ್ದರು.

ಅಷ್ಟರಲ್ಲಿ ಅವರ ಫೋನು ಒಂದೇ ಒಂದು ಸಲ ರಿಂಗಾಗಿ ನಿಂತಿತು. "ನಿಮ್ಮವ್ವ ದೀಪ ಹಚ್ಚಿದ್ಲು" ಎಂದು ಮಾಮಾ ತಾವೂ ತಿರುಗಿ ಒಂದು ರಿಂಗ್ ಕೊಟ್ಟು ಕತ್ತರಿಸಿ, ಫೋನನ್ನು ಕೆಳಗಿಟ್ಟು ಮುಂದುವರಿಸಿದರು. "ಹ್ಞಾಂ, ಏನ್ ಹೇಳಾಕತ್ತಿದ್ದೆ? ಎರಡು ವರ್ಷದಾಗ ಒಂದ ಫೋನ್ ಇಲ್ಲ."

ಅತ್ತಿ ನನ್ನ ಮುಖ ನೋಡಿದರು, ನಾನು ಅತ್ತಿಯ ಮುಖ ನೋಡಿದೆ.

ಮಾತಿಗೆ ದುಡ್ಡು ಬೀಳುತ್ತಿದ್ದ ಕಾಲದಲ್ಲಿ ಮಾಮಾ ತಾವೇ ಮಾಡಿದ ಕಟ್ಟಳೆ ಅದು. ಸಂಜೆ ದೀಪ ಹಚ್ಚಿದ ಮೇಲೆ ಒಂದು ಮಿಸ್ಡ್ ಕಾಲ್, ಅಂದರೆ 'ನಾ ಅರಾಮ'. ತಿರುಗಿ ಒಂದು ಬಂದರೆ 'ನಾನೂ ಅರಾಮ'. ಹರಟೆಯೇನಿದ್ದರೂ ಅತ್ತಿಯ ಫೋನಿಗೆ. ಈಗ ಮಾತು ಪುಕ್ಕಟೆಯಾಗಿದೆ. ಆದರೆ ಇಬ್ಬರೂ ಅದನ್ನು ಬಿಟ್ಟಿರಲಿಲ್ಲ.

ಕ್ವೆರಿಯಲ್ಲಿ ನಾವು ಮಾಡಿದ ಒಂದೊಂದು ಕೆಲಸವೂ ಬಲಬದಿಗೆ ಪಟ್ಟಿಯಾಗಿ ನಿಂತಿರುತ್ತದೆ. ಅದನ್ನು ತೆರೆದೆ. ಕೊನೆಯ ಕೆಲಸ: ಸೊನ್ನೆ ಸೆಕೆಂಡಿನ ಕರೆಗಳನ್ನೆಲ್ಲ ತೆಗೆದುಹಾಕಿದ್ದು.

"ಇವನ್ಯಾಕ ತಗದೀರಿ ಮಾಮಾ?"

"ಮಾತ ಇಲ್ಲದ್ದು ಫೋನ್ ಏನು? ಕಸ ಅದು. ಸ್ವಚ್ಛ ಮಾಡೇನಿ."

ಆ ಕೆಲಸವನ್ನು ರದ್ದು ಮಾಡಲು ಅದರ ಪಕ್ಕದ ಗುಣಾಕಾರ ಚಿಹ್ನೆಯನ್ನು ಒತ್ತಿದೆ. ಸ್ವಚ್ಛ ಮಾಡಿದ್ದೆಲ್ಲ ಮರಳಿ ಬಂತು. ಅವ್ವ, ಸೊನ್ನೆ. ಅವ್ವ, ಸೊನ್ನೆ. ನಿನ್ನೆ, ಮೊನ್ನೆ, ಅದರ ಹಿಂದಿನ ದಿನ, ಹಿಂದಿನ ವರ್ಷ, ಪ್ರತಿ ಸಂಜೆ ಸರಿಸುಮಾರು ಅದೇ ಹೊತ್ತಿಗೆ. ಎಳೆದಷ್ಟೂ ಮುಗಿಯಲಿಲ್ಲ. ಒಟ್ಟು ಮಾತು ಎಷ್ಟು ನಿಮಿಷ? ಸೊನ್ನೆ.

ಮಾಮಾ ಕನ್ನಡಕ ಹಾಕಿಕೊಂಡು ಪರದೆಯ ಮೇಲೆ ಬೆರಳಿಟ್ಟು ಹಾಜರಿ ಪುಸ್ತಕ ನೋಡುವಂತೆ ಇಳಿಯತೊಡಗಿದರು. ಬೆರಳು ಒಂದೆಡೆ ನಿಂತಿತು. ಎಷ್ಟೆಂದರೂ ಮಾಸ್ತರರಲ್ಲವೇ?

"ಇಲ್ಲಿ ಹನ್ನೊಂದ ದಿನ ಇಲ್ಲ. ಎಲ್ಲಿ ಹೋಗಿದ್ಲು?"

ತಾರೀಖು ನೋಡಿದೆ. ಉತ್ತರ ಕೊಟ್ಟದ್ದು ಅತ್ತಿ. "ಅವಾಗ ನೀವು ಹುಬ್ಬಳ್ಳಿ ದವಾಖಾನ್ಯಾಗ ಮಲಗಿದ್ರಿ. ಅಕಿ ಹನ್ನೊಂದೂ ದಿನ ನಿಮ್ಮ ಮಂಚದ ಮಗ್ಗಲಕ್ಕ ಕುಂತಿದ್ಲು. ಎದ್ರಿಗೆ ಇದ್ದವರಿಗೆ ಯಾರ ಮಿಸ್ಡ್ ಕಾಲ್ ಕೊಡ್ತಾರ?"

ಮಾಮಾ ಲ್ಯಾಪ್‌ಟಾಪ್ ಮುಚ್ಚಿದರು. ಮತ್ತೆ ಆ ಸಂಜೆ ಯಾವ ಸರಾಸರಿಯ ಮಾತೂ ಬರಲಿಲ್ಲ. ನಾನು ಐದು ರೊಟ್ಟಿ ತಿಂದೆ, ಯಾರೂ ಎಣಿಸಲಿಲ್ಲ.

ಮರುದಿನ ನಾವಿಬ್ಬರೂ ಹಾವೇರಿಯಲ್ಲಿ ಬಸ್ಸು ಬದಲಿಸಿ ಹಿರೇಕೆರೂರಿಗೆ ಹೋದೆವು. ಅಣ್ಣನನ್ನು ಕಂಡು ಅವ್ವ, "ತಡಾ ಆತಲ್ಲ?" ಎಂದಳು. "ರಿಫ್ರೆಶ್ ಮಾಡಿರಲಿಲ್ಲ" ಎಂದರು ಮಾಮಾ. ಚಹಾ ಕುಡಿದರು, ಬಳಗದವರ ಸುದ್ದಿಯೆಲ್ಲ ಆಯಿತು, ಹೊತ್ತು ಮುಳುಗಿತು. ಅವ್ವ ದೇವರ ಮುಂದೆ ದೀಪ ಹಚ್ಚಿ, ರೂಢಿಯಂತೆ ಗೂಡಿನಲ್ಲಿದ್ದ ಫೋನಿಗೆ ಕೈ ಹಾಕಿದಳು.

"ಬ್ಯಾಡ, ಇಡವಾ" ಎಂದರು ಮಾಮಾ. "ಇವತ್ತಿನ ಸಾಲು ಖಾಲಿ ಇರ್ಲಿ."

ಅವ್ವನಿಗೆ ಏನೂ ತಿಳಿಯಲಿಲ್ಲ. ಫೋನನ್ನು ಗೂಡಿನಲ್ಲೇ ಬಿಟ್ಟು, ಅಣ್ಣನ ಪಕ್ಕ ಬಂದು ಕುಳಿತಳು.