ಹದಿನೇಳನೆಯ ಸಾಲು

ರಾಮಾನುಜನ ನೌಕರಿಗೆ ಕುತ್ತು ತಂದದ್ದು ಒಂದೇ ಒಂದು ಸಾಲು. ಅದೂ ಅವನು ಬರೆದದ್ದಲ್ಲ.

ಚಾಮರಾಜಪೇಟೆಯ ಒಂದು ಸಣ್ಣ ಕಂಪನಿ ಮೊಬೈಲ್ ಟವರುಗಳ ಬ್ಯಾಟರಿ ಕಾಯುವ ಪೆಟ್ಟಿಗೆಗಳನ್ನು ಮಾಡುತ್ತದೆ. ಬಿಸಿ ಎಷ್ಟು, ಚಾರ್ಜ್ ಎಷ್ಟು ಎಂದು ಪೆಟ್ಟಿಗೆಯನ್ನು ದೂರದಿಂದಲೇ ಏನೇನು ಕೇಳಬಹುದೋ ಆ ಪಟ್ಟಿ ಇಪ್ಪತ್ತು ವರ್ಷದಿಂದ ‘ಮಿಬ್’ ಎಂಬ ಹಳೆಯ ನಮೂನೆಯಲ್ಲಿತ್ತು. ಅದನ್ನು ‘ಯಾಂಗ್’ ಎಂಬ ಹೊಸ ಭಾಷೆಗೆ ಇಳಿಸುವುದು ಐವತ್ತೊಂದರ ರಾಮಾನುಜನ ಕೆಲಸ. ಕಾಂಟ್ರಾಕ್ಟು ಇವತ್ತಿಗೆ ಮುಗಿಯುತ್ತದೆ. ಎಂಟು ತಿಂಗಳು ಮನೆಯಲ್ಲಿ ಕೂತು, ಬಂದವರಿಗೆಲ್ಲ ‘ವರ್ಕ್ ಫ್ರಂ ಹೋಮ್’ ಎಂದು ಸುಳ್ಳು ಹೇಳಿ ಸಾಕಾದ ಮೇಲೆ ಸಿಕ್ಕಿದ ಕೆಲಸ. ಇದೂ ಹೋದರೆ ಈ ವಯಸ್ಸಿನಲ್ಲಿ ಯಾರು ಕರೆಯುತ್ತಾರೆ?

ಎಲ್ಲ ಸಾಲೂ ಇಳಿದಿತ್ತು, ಹದಿನೇಳನೆಯದೊಂದು ಬಿಟ್ಟು. ಅದಕ್ಕೆ ಅರ್ಥವೇ ಬರೆದಿರಲಿಲ್ಲ. ‘ಮುಟ್ಟಬೇಡಿ. ವಿವರಕ್ಕೆ ಏಕಾಂತಯ್ಯನವರನ್ನು ಕೇಳಿ’ ಎಂದಷ್ಟೇ ಇತ್ತು. ಆ ಪಟ್ಟಿ ಬರೆದವರೇ ಏಕಾಂತಯ್ಯ. ಕೆಳಗೆ ಅವರ ಶಂಕರಪುರಂ ವಿಳಾಸ, ಎಂದೋ ಸತ್ತುಹೋದ ಲ್ಯಾಂಡ್‌ಲೈನ್ ನಂಬರು.

“ಸಾರ್, ಅದೊಂದನ್ನ ಬಿಟ್ಬಿಡೋಣ್ವಾ?” ಎಂದು ಫೋನಿನಲ್ಲಿ ಮೆಲ್ಲಗೆ ಕೇಳಿದ.

ಮ್ಯಾನೇಜರ್ ಶಶಿಕಿರಣನಿಗೆ ಮೂವತ್ತೊಂದು. “ಬಿಟ್ಟು, ಟವರೆಲ್ಲ ಆಫ್ ಆದ್ರೆ ನೀವು ಹೋಗಿ ದೀಪ ಹಚ್ತೀರಾ? ಅವ್ರ ಮನೆಗೇ ಹೋಗಿ ಕೇಳಿ. ನಾಲ್ಕು ಗಂಟೆ ಒಳಗೆ ಮುಗಿಸಿದ್ರೆ ರಿನ್ಯೂವಲ್ ನೋಡೋಣ. ಮತ್ತೆ, ಈ ಕಾಲ್ ಕಟ್ ಮಾಡ್ಬೇಡಿ. ಹೋದ್ಸಲ ಡಾಕ್ಟರ್ ಹತ್ರ ಇದೀನಿ ಅಂತ ಹೇಳಿ ದೋಸೆ ತಿಂತಿದ್ರಿ.”

ರಾಮಾನುಜ ಫೋನನ್ನು ಹಾಗೇ ಅಂಗಿ ಜೇಬಿಗೆ ಇಳಿಸಿಕೊಂಡು ಸ್ಕೂಟರ್ ಹತ್ತಿದ.

ಶಂಕರಪುರಂನ ಆ ಮನೆ ಮುಂದೆ ಶಾಮಿಯಾನ ಹಾಕಿತ್ತು. ಒಳಗೆ ಕುರ್ಚಿಯ ಮೇಲೆ ಹಾರ ಹಾಕಿಸಿಕೊಂಡು ಏಕಾಂತಯ್ಯನವರ ಫೋಟೊ ಕೂತಿತ್ತು. ಹನ್ನೊಂದನೆಯ ದಿನದ ಶಿವಗಣಾರಾಧನೆ. ಕಷ್ಟದ ಸಾಲು ಕೊನೆಗಿರಲಿ ಎಂದು ಮೂರು ತಿಂಗಳು ತಳ್ಳಿದ್ದ ರಾಮಾನುಜನಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಹನ್ನೆರಡು ದಿನ ಮೊದಲು ಬಂದಿದ್ದರೆ ಕಾಫಿ ಕೊಟ್ಟು ಹೇಳಿ ಕಳಿಸುತ್ತಿದ್ದರೇನೋ!

ತಿರುಗಿ ಹೊರಡಬೇಕು, ಅಷ್ಟರಲ್ಲಿ ಪಕ್ಕದ ಮನೆಯ ವಿಶಾಲಾಕ್ಷಮ್ಮ ಐಡಿ ಕಾರ್ಡು ನೋಡಿಬಿಟ್ಟರು. “ಆಫೀಸಿನೋರಾ? ಅಂತೂ ಒಬ್ರಾದ್ರೂ ಬಂದ್ರಲ್ಲ! ಎಲ್ಲಿಗೆ ಹೋಗ್ತೀರಿ, ಬನ್ನಿ ಈ ಕಡೆ!”

ಕೈಗೆ ಹಾರ ಬಂತು. ಹಾಕಿದ. ಹಣೆಗೆ ವಿಭೂತಿ ಬಂತು. ಹಚ್ಚಿಸಿಕೊಂಡ. ಆಮೇಲೆ ಮೈಕು ಬಂತು. “ಎರಡು ಮಾತಾಡಿ” ಎಂದರು.

“ಏಕಾಂತಯ್ಯನೋರು ದೊಡ್ಡೋರು,” ಎಂದ ರಾಮಾನುಜ, ಬೆವರು ಒರೆಸಿಕೊಂಡು. “ಅವ್ರು ಬರ್ದಿದ್ದನ್ನ ನಾನು ದಿನಾ ಓದ್ತೀನಿ.” ಹೆಂಗಸರು ಸೆರಗಿನಲ್ಲಿ ಕಣ್ಣೊತ್ತಿಕೊಂಡರು. “ಆದ್ರೆ ಆ ಹದಿನೇಳನೇ ಸಾಲು ಮಾತ್ರ… ಎಷ್ಟು ಓದಿದ್ರೂ ಅರ್ಥ ಆಗ್ಲಿಲ್ಲ.”

“ವಚನ ಬರೀತಿದ್ರಾ?” ಎಂದು ಹಿಂದಿನಿಂದ ಯಾರೋ ಕೇಳಿದರು.

ಏಕಾಂತಯ್ಯನವರ ಹೆಂಡತಿ ದಾಕ್ಷಾಯಣಮ್ಮ ಹನ್ನೊಂದು ದಿನದಲ್ಲಿ ಮೊದಲ ಸಲ ನಕ್ಕರು. ಮೈಕನ್ನು ತಾವೇ ಇಸಿದುಕೊಂಡರು.

“ಹದಿನೇಳಾ? ಅಯ್ಯೋ, ಅದ್ರಲ್ಲೇನೂ ಇಲ್ಲ ಕಣಪ್ಪಾ! ಐವತ್ತೆಂಟಕ್ಕೆ ಮನೆಗೆ ಕಳಿಸ್ತಾರೆ ಅಂತ ಗೊತ್ತಾದಾಗ ಇವ್ರು ಸುಮ್ನೆ ಒಂದು ಸಾಲು ಸೇರಿಸಿ, ‘ಮುಟ್ಟಬೇಡಿ’ ಅಂತ ಬರ್ದಿಟ್ರು. ಅದೇನೂಂತ ಇವ್ರೊಬ್ರಿಗೇ ಗೊತ್ತು, ಬಿಟ್ರೆ ಕೆಟ್ಟೆವು ಅಂತ ಆಫೀಸಿನೋರು ಎಪ್ಪತ್ತರವರೆಗೂ ಇಟ್ಕೊಂಡಿದ್ರು!”

ಶಾಮಿಯಾನವೆಲ್ಲ ಗೊಳ್ಳೆಂದಿತು. ರಾಮಾನುಜ ಫೋಟೊಗೆ ಉದ್ದಂಡ ಬಿದ್ದ. ಈ ಸಲ ಯಾರೂ ಹೇಳಿಕೊಟ್ಟಿರಲಿಲ್ಲ. ಎಪ್ಪತ್ತಕ್ಕೆ ಅವನಿಗೆ ಇನ್ನೂ ಹತ್ತೊಂಬತ್ತು ವರ್ಷವಿತ್ತು. ಸಾಲಿಗೆ ಅರ್ಥವಿಲ್ಲವೆಂದು ಆಫೀಸಿಗೆ ಗೊತ್ತಾಗದಿದ್ದರೆ ಸಾಕು.

ಶಾಮಿಯಾನದ ಹಿಂದೆ ಹೋಗಿ, ಮ್ಯಾನೇಜರಿಗೆ ಫೋನ್ ಮಾಡೋಣವೆಂದು ಜೇಬಿಗೆ ಕೈ ಹಾಕಿದ. ಕಾಲ್ ಇನ್ನೂ ಓಡುತ್ತಲೇ ಇತ್ತು. ಐವತ್ತೆರಡು ನಿಮಿಷ. ಇಷ್ಟು ಹೊತ್ತು ಯಾರು ಕೇಳುತ್ತ ಕೂತಿರುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

“ಸಾರ್, ಇದೀರಾ? ಹದಿನೇಳು ಬಹಳ ಸೂಕ್ಷ್ಮ ಸಾರ್. ನನಗೊಬ್ಬನಿಗೇ ಹೇಳಿಕೊಟ್ಟಿದಾರೆ. ಆರು ತಿಂಗಳಾದ್ರೂ ನಾನೇ ಇದ್ದು ನೋಡ್ಕೋಬೇಕಾಗುತ್ತೆ.”

“ರಾಮಾನುಜ ಅವ್ರೇ,” ಶಶಿಕಿರಣನ ದನಿ ತಣ್ಣಗಿತ್ತು, “ಮೈಕ್ ಸೆಟ್ ತುಂಬಾ ಚೆನ್ನಾಗಿದೆ. ನಾವೆಲ್ಲ ಸ್ಪೀಕರ್ ಹಾಕ್ಕೊಂಡು ಕೇಳಿದ್ವಿ. ಹದಿನೇಳನ್ನ ನಮ್ಮ ಟೀಮಿನ ಹುಡುಗ ಲೋಹಿತ್ ತೆಗೆದೂ ಆಯ್ತು. ಅಲ್ಲಿಗೆ ಕೆಲಸ ಮುಗೀತು.”

“ರಿನ್ಯೂವಲ್ಲು, ಸಾರ್?”

“ಮುಗಿದ ಕೆಲಸಕ್ಕೆ ಇನ್ನೇನ್ರೀ ರಿನ್ಯೂವಲ್ಲು? ಲ್ಯಾಪ್‌ಟಾಪು, ಐಡಿ ಕಾರ್ಡು ಸಂಜೆ ಕೊಟ್ಟು ಹೋಗಿ. ಅವಸರ ಇಲ್ಲ, ಊಟ ಮಾಡ್ಕೊಂಡೇ ಬನ್ನಿ.”

ವಿಶಾಲಾಕ್ಷಮ್ಮ ಅವನನ್ನು ಎಳೆದು ತಂದು ಪಂಕ್ತಿಯಲ್ಲಿ ಕೂರಿಸಿದರು. ಎಲೆಗೆ ಪಾಯಸ ಬಡಿಸುತ್ತ, “ನೀವೀಗ ಅವ್ರ ಜಾಗದಲ್ಲೇ ಕೆಲಸ ಮಾಡ್ತಿರೋದಾ?” ಎಂದರು.

“ಮಾಡ್ತಿದ್ದೆ,” ಎಂದ ರಾಮಾನುಜ. ಕಣ್ಣಲ್ಲಿ ನೀರು ತುಂಬಿತು.

“ಅಳ್ಬೇಡಿ, ಸಮಾಧಾನ ಮಾಡ್ಕೊಳ್ಳಿ,” ಎಂದು ಅವರು ಇನ್ನೊಂದು ಸೌಟು ಸುರಿದರು. “ಎಪ್ಪತ್ತರವರೆಗೂ ದುಡಿದ್ರಲ್ಲ, ಪುಣ್ಯಾತ್ಮರು!”